ಡ್ರಾಯರ್ ಇಲ್ಲದ ಪ್ರತ್ಯಯ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುತ್ತಿಲ್ಲ. ಕಥೆ ಪ್ರತ್ಯಯಗಳದ್ದು. ಪ್ರತ್ಯಯ ಎಂದರೆ ಪದದ ಬಾಲ. ಒಬ್ಬಂಟಿಯಾಗಿ ಎದ್ದು ನಿಲ್ಲುವ ಜಾಯಮಾನ ಅದರದ್ದಲ್ಲ. ಯಾವುದಾದರೂ ಪದ ಮುಂದೆ ನಡೆಯಬೇಕು, ಇದು ಹಿಂದಿನಿಂದ ಬಂದು ಅಂಟಿಕೊಳ್ಳಬೇಕು. ಹಾಗಿರುವಾಗ ಅದನ್ನು ಮೊದಲ ಸಾಲಿನಲ್ಲಿ ಕೂರಿಸುವುದು ಹೇಗೆ? ಬಾಲ ಹಿಡಿದುಕೊಂಡು ಇಡೀ ಪ್ರಾಣಿಯನ್ನು ಕೋಣೆಯೊಳಗೆ ಎಳೆದು ತರುವ ಸಾಹಸ ಇದು. ಪ್ರಾಣಿ ಬಂದರೆ ಬಂತು, ಇಲ್ಲದಿದ್ದರೆ ಬಾಲವಾದರೂ ನಮ್ಮ ಕೈಯಲ್ಲಿ ಉಳಿದೀತು.

ಮೊದಲ ಕರಡು ಹೀಗಿತ್ತು: 'ಕಾರ್ಡಮ್ಮ ಎಂದಿನಂತೆ ಮೌನವಾಗಿ ಕೋಣೆಯ ಬಾಗಿಲು ತೆರೆದು, ನಿಧಾನವಾಗಿ ಕಿಟಕಿಯತ್ತ ನಡೆದು, ಅನ್ಯಮನಸ್ಕವಾಗಿ ಹೊರಗೆ ನೋಡಿದಳು.'

ಇಷ್ಟು ಬರೆದು ಒಂದು ಗುಟುಕು ಟೀ ಕುಡಿಯುವಷ್ಟರಲ್ಲಿ ಕಾರ್ಡಮ್ಮನೇ ಹಾಳೆಯಿಂದ ತಲೆಯೆತ್ತಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಒಂದೇ ವಾಕ್ಯದಲ್ಲಿ ಮೂರು 'ವಾಗಿ' ಇವೆಯಂತೆ. ಇಂಗ್ಲಿಷ್ ಕಾದಂಬರಿಗಳಿಂದ 'ಲಿ' ಎಂಬ ಬಾಲವನ್ನು ಹನ್ನೊಂದು ವರ್ಷ ಹೆಕ್ಕಿ ಹೆಕ್ಕಿ ಅವಳ ಬೆರಳು ಸವೆದಿದೆಯಂತೆ. ಸ್ಯಾಡ್‌ಲಿ ಅಂದಳು, ಸಾಫ್ಟ್‌ಲಿ ನಕ್ಕಳು, ಸ್ಲೋಲಿ ಎದ್ದಳು. ಆ ಕಾಟ ಸಾಲದು ಎಂದು ಈಗ ನಾನು ಬೇರೆ.

"ಬಾಗಿಲು ತೆಗೆದಳು ಅಂತ ಬರೀರಿ, ಸಾಕು," ಅಂದಳು. "ಹೇಗೆ ತೆಗೆದಳು ಅನ್ನೋದನ್ನ ಓದೋರಿಗೆ ಬಿಡಿ."

ಸರಿ. ಇನ್ನು ಮುಂದೆ ಆ ಬಾಲ ಹಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ತಪ್ಪಿ ಎಲ್ಲಾದರೂ ನುಸುಳಿದರೆ ನೀವೇ ಹೊಡೆದುಹಾಕಿ.

೧, ಮತ್ತೊಮ್ಮೆ

ಕಾರ್ಡಮ್ಮ ಬಾಗಿಲು ತೆಗೆದಳು.

ಕಾಲೇಜಿನ ಮೊದಲನೆಯ ಮಹಡಿ, ಕಾರಿಡಾರಿನ ತುತ್ತತುದಿ. ಹಿಂದೆ ಹಳೆಯ ಭೂಪಟಗಳನ್ನು ಸುತ್ತಿ ಇಡುತ್ತಿದ್ದ ಕೋಣೆ ಅದು. ಈಗ ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಆನಿಸಿದ ಮರದ ಕಪಾಟು, ಕಪಾಟಿಗೆ ಆರು ಉದ್ದನೆಯ ಡ್ರಾಯರುಗಳು. ಒಂದೊಂದರ ಮೇಲೂ ಒಂದೊಂದು ಚೀಟಿ: ನೆಸ್, ಅರ್, ಲೆಸ್, ಫುಲ್, ಲಿ, ಐಜ್. ಬೆಳಿಗ್ಗೆ ಹತ್ತರ ಬಿಸಿಲು ಮೇಲಿನ ಗವಾಕ್ಷಿಯಿಂದ ಇಳಿದು ಈ ಚೀಟಿಗಳನ್ನು ಒಂದೊಂದೇ ಓದಿಕೊಂಡು ಮಧ್ಯಾಹ್ನದ ಹೊತ್ತಿಗೆ ಐಜ್ ದಾಟಿ ಹೋಗುತ್ತದೆ. ಕಾಗದದ ಧೂಳು ಆ ಬಿಸಿಲಿನಲ್ಲಿ ತೇಲುತ್ತಿರುತ್ತದೆ. ಗಡಿಯಾರ ನೋಡದೆಯೇ ಕಾರ್ಡಮ್ಮನಿಗೆ ಹೊತ್ತು ತಿಳಿಯುವುದು ಹೀಗೆ.

ಇಂಗ್ಲಿಷ್ ಕಥೆ ಕಾದಂಬರಿಗಳಲ್ಲಿ ಪ್ರತ್ಯಯಗಳು ಪದದ ವರ್ಗವನ್ನು ಹೇಗೆ ಬದಲಿಸುತ್ತವೆ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಗಾಬರಿಯಾಗಬೇಡಿ, ತುಂಬ ಸರಳ. ಕೈಂಡ್ ಎನ್ನುವುದು ಗುಣವಾಚಕ. ಅದಕ್ಕೆ ನೆಸ್ ಅಂಟಿಸಿದರೆ ಕೈಂಡ್‌ನೆಸ್, ನಾಮಪದ. ಟೀಚ್ ಕ್ರಿಯಾಪದ, ಅರ್ ಅಂಟಿಸಿದರೆ ಒಬ್ಬ ಟೀಚರ್ ಎದ್ದು ನಿಲ್ಲುತ್ತಾರೆ. ಹೋಪ್ ಎಂಬ ನಾಮಪದಕ್ಕೆ ಲೆಸ್ ಹಚ್ಚಿದರೆ ಹೋಪ್‌ಲೆಸ್. ಅದಕ್ಕೇ ಲಿ ಹಚ್ಚಿ ಮತ್ತೊಂದು ವರ್ಗಕ್ಕೆ ದಾಟಿಸಬಹುದು. ಅವಳು ಕಾದಂಬರಿ ಓದುತ್ತಾಳೆ, ಇಂಥ ಪದ ಸಿಕ್ಕಾಗ ಒಂದು ಕಾರ್ಡು ಬರೆಯುತ್ತಾಳೆ: ಪದ, ಮೂಲ ಯಾವ ವರ್ಗ, ಯಾವ ಪ್ರತ್ಯಯ, ಆಮೇಲೆ ಯಾವ ವರ್ಗ, ಪದ ಬಂದ ವಾಕ್ಯ, ಕೊನೆಗೆ ನಮ್ಮ ಭಾಷೆಯಲ್ಲಿ ಅದರ ಅರ್ಥ. ಕಾರ್ಡು ಡ್ರಾಯರಿಗೆ ಹೋಗುತ್ತದೆ. ಹನ್ನೊಂದು ವರ್ಷದಿಂದ ಇದೇ. ಪ್ರೇಮಕಥೆಗಳಲ್ಲಿ ಫುಲ್ ಜಾಸ್ತಿ, ದೆವ್ವದ ಕಥೆಗಳಲ್ಲಿ ಲೆಸ್ ಜಾಸ್ತಿ, ಕೊಲೆಯ ಕಥೆಗಳಲ್ಲಿ ಎಲ್ಲಿ ನೋಡಿದರೂ ಅರ್ ಎಂಬುದು ಅವಳ ಸ್ವಂತ ಸಿದ್ಧಾಂತ. ಅದನ್ನು ಯಾರೂ ವರದಿಯಲ್ಲಿ ಸೇರಿಸಿಕೊಂಡಿಲ್ಲ.

ಕಾರ್ಡಮ್ಮ ಎನ್ನುವುದು ಅಡ್ಡಹೆಸರು. ಕಾರಿಡಾರಿನ ಎಲ್ಲರೂ ಹಾಗೇ ಕರೆಯುವುದು. ಗಮನಿಸಿದಿರಲ್ಲ, ಅಲ್ಲೂ ಒಂದು ಬಾಲವಿದೆ. ನಮ್ಮಲ್ಲಿ 'ಅಮ್ಮ' ಎಂಬುದನ್ನು ಯಾವ ಹೆಂಗಸಿನ ಹಿಂದಾದರೂ ಅಂಟಿಸಬಹುದು. ಬಸ್ಸಿನ ಕಂಡಕ್ಟರು, ತರಕಾರಿಯವನು, ಬಾಗಿಲಿಗೆ ಬಂದು ಸೋಪಿನ ಪುಡಿ ಮಾರುವ ಹುಡುಗಿ, ಎಲ್ಲರೂ ಅವಳಿಗೆ ಧಾರಾಳ ಅಮ್ಮ ಅನ್ನುತ್ತಾರೆ. ಇಡೀ ಊರಿನ ಪೈಕಿ ಒಬ್ಬಳು ಮಾತ್ರ ಅನ್ನುವುದಿಲ್ಲ.

೨

ಆ ಒಬ್ಬಳನ್ನು ಹುಡುಗಿ ಎನ್ನೋಣ. ಕಾರ್ಡಮ್ಮನ ಗಂಡನ ಮಗಳು. ಈಗ ಇಪ್ಪತ್ತು ವರ್ಷ. ಹಲ್ಲು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ. ಊರಿನ ಬೊಚ್ಚುಬಾಯಿಗಳಿಗೆಲ್ಲ ಮೇಣದಲ್ಲಿ ಹಲ್ಲು ಕೆತ್ತಿ, ಅಚ್ಚು ತೆಗೆದು, ಸಾಲು ಕೂರಿಸುತ್ತಾಳೆ. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಗಾರೆ. ಅವಳ ಅಪ್ಪ ಕನ್ನಡಕದ ಅಂಗಡಿಯವರು, ಕಣ್ಣು ಪರೀಕ್ಷೆ ಮಾಡಿ ಗಾಜು ಜೋಡಿಸುವವರು. (ಕನ್ನಡಕ್ಕೆ ಒಂದು 'ಕ' ಅಂಟಿಸಿದರೆ ಮೂಗಿನ ಮೇಲೆ ಕೂರುತ್ತದೆ ಎಂದು ಮದುವೆಯ ಹೊಸದರಲ್ಲಿ ಕಾರ್ಡಮ್ಮ ಜೋಕು ಮಾಡಿದ್ದಳು. ಅವರು ನಗಲಿಲ್ಲ. ಅದು ಕನ್ನಡಿಯಿಂದ ಬಂದ ಪದ ಅಂದರು. ಅವಳಿಗೂ ಗೊತ್ತಿತ್ತು.) ಅಂತೂ ಈ ಮನೆಯಲ್ಲಿ ಮೂವರದೂ ಜೋಡಿಸುವ ಕಸುಬೇ. ಒಬ್ಬರದು ಕಣ್ಣಿಗೆ, ಒಬ್ಬಳದು ಬಾಯಿಗೆ, ಒಬ್ಬಳದು ಪದಕ್ಕೆ.

ಹುಡುಗಿಗೆ ಐದು ವರ್ಷವಾದಾಗ ಹೆತ್ತ ತಾಯಿ ತೀರಿಕೊಂಡಳು. ಏಳಾದಾಗ ಕಾರ್ಡಮ್ಮ ಬಂದಳು. ಬಂದ ದಿನ ಅತ್ತೆಯೊಬ್ಬರು ಮಗುವನ್ನು ಪಕ್ಕಕ್ಕೆ ಕರೆದು, ದೊಡ್ಡವರಿಗೆ ಬನ್ನಿ ಹೋಗಿ ಅನ್ನಬೇಕು ಎಂದು ಹೇಳಿಕೊಟ್ಟರು. ಅಪ್ಪ ಮಾತ್ರ, ನಿನಗೆ ಹೇಗೆ ಬೇಕೋ ಹಾಗೆ ಕರಿ ಅಂದರು. ಮಗು ಇಬ್ಬರ ಮಾತನ್ನೂ ಚಾಚೂ ತಪ್ಪದೆ ಪಾಲಿಸಿತು. ಬನ್ನಿ ಹೋಗಿ ಅಂದಿತು. ಕರೆಯುವುದಕ್ಕೆ ಏನನ್ನೂ ಆರಿಸಿಕೊಳ್ಳಲಿಲ್ಲ.

ಹದಿಮೂರು ವರ್ಷ ಒಬ್ಬರನ್ನು ಏನೂ ಕರೆಯದೆ ಬದುಕುವುದು ಸುಲಭದ ಮಾತಲ್ಲ. ಬೇಕಿದ್ದರೆ ಒಂದು ದಿನ ಮಾಡಿ ನೋಡಿ. ಹುಡುಗಿ ಎದುರಿಗೆ ಬಂದು ನಿಲ್ಲುತ್ತಿದ್ದಳು, ಇವಳು ತಲೆಯೆತ್ತುವವರೆಗೆ ಕಾಯುತ್ತಿದ್ದಳು. ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದಳು. ದೂರದಲ್ಲಿದ್ದರೆ, ಇಲ್ಲಿ ಕೇಳಿ ಅನ್ನುತ್ತಿದ್ದಳು. ಅವಳ ಫೋನಿನಲ್ಲಿ ಮನೆಯ ಫೋನಿಗೆ 'ಮನೆ' ಎಂದಿದೆ. ಕಾರ್ಡಮ್ಮನ ಮೊಬೈಲಿಗೆ 'ಮನೆ ೨'. ಒಮ್ಮೆ ಚಾರ್ಜಿಗೆ ಹಾಕುವಾಗ ಕಾರ್ಡಮ್ಮನ ಕಣ್ಣಿಗೆ ಅದು ಬಿತ್ತು. ಆ ದಿನವಿಡೀ ಅವಳಿಗೆ ಕಾರಣವಿಲ್ಲದೆ ಸಂತೋಷವಾಗುತ್ತಿತ್ತು, ಸಂಜೆಯ ಹೊತ್ತಿಗೆ ಕಾರಣವಿಲ್ಲದೆ ಅಳುವೂ ಬಂತು.

ಜಗಳಗಂಟಿಯರಲ್ಲ ಇಬ್ಬರೂ. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ, ಪರೀಕ್ಷೆಯ ಬೆಳಿಗ್ಗೆ ಪೆನ್ನಿಗೆ ಇಂಕು, ಮೊದಲ ಸಂಬಳದಲ್ಲಿ ಇವಳಿಗೊಂದು ಕೊಡೆ, ಎಲ್ಲ ಆಗಿದೆ. ಪ್ರೀತಿಗೆ ಕೊರತೆಯಿಲ್ಲ. ಕೊರತೆಯಿರುವುದು ಕೊನೆಯ ಅಕ್ಷರದಲ್ಲಿ. ಹುಡುಗಿ ತನ್ನ ಅಪ್ಪನಿಗೆ 'ಊಟ ಮಾಡಿದ್ಯಾ' ಅನ್ನುತ್ತಾಳೆ, ಇವಳಿಗೆ 'ಊಟ ಮಾಡಿದ್ರಾ' ಅನ್ನುತ್ತಾಳೆ. ಅಕ್ಷರದ ಕಸುಬಿನವಳಿಗೆ ಅದು ಪ್ರತಿದಿನ ಕೇಳುತ್ತದೆ. ಆ 'ರಾ' ಒಂದು ದಿನ 'ಯಾ' ಆಗುತ್ತದೆಯೇ ಎಂಬುದೊಂದೇ ಅವಳ ಆಸೆ. ಅಮ್ಮ ಅನ್ನಿಸಿಕೊಳ್ಳುವ ದುರಾಸೆಯೂ ಅವಳಿಗಿಲ್ಲ.

(ನಾನು ಇವಳನ್ನು ಎರಡು ಪುಟದಿಂದ 'ಅವಳು, ಇವಳು' ಅನ್ನುತ್ತಿದ್ದೇನೆ, ಹುಡುಗಿಗೆ ಇದು ಹದಿಮೂರು ವರ್ಷದಲ್ಲಿ ಆಗಿಲ್ಲ. ಕಥೆ ಬರೆಯುವವರಿಗೆ ಸಲಿಗೆ ಪುಕ್ಕಟೆ ಸಿಗುತ್ತದೆ.)

೩

ಇಲ್ಲಿ ಕಾರ್ಡಮ್ಮನ ಬಾಲ್ಯ ಬರಬೇಕಿತ್ತು. ಎರಡು ಪುಟ ಬರೆದೆ, ಒಂದು ಬಾವಿಯನ್ನೂ ಹಾಕಿದೆ. ತನ್ನ ಬಾಲ್ಯದಲ್ಲಿ ಬಾವಿಯೇ ಇರಲಿಲ್ಲ, ನಲ್ಲಿ ಇತ್ತು ಎಂದು ಅವಳು ಅಂದಳು. ಹರಿದುಹಾಕಿದ್ದೇನೆ.

೪

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಇದು ಬಿಟ್ಟರೆ ಕಥೆಯೇ ಇಲ್ಲ.

ರಟ್ಟು ಹರಿದುಹೋಗಿ ಹೆಸರೇ ಇಲ್ಲದ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ಅವಳಿಗೆ 'ಮದರ್ಡ್' ಎಂಬ ಪದ ಸಿಕ್ಕಿತು. ವಾಕ್ಯದ ಅರ್ಥ ಸುಮಾರು ಹೀಗೆ: ಆ ಹುಡುಗನನ್ನು ಅವಳು ಹನ್ನೆರಡು ವರ್ಷ ಮದರ್ ಮಾಡಿದಳು, ಒಂದು ಸಲವೂ ಯಾರೂ ಅವಳಿಗೆ ಥ್ಯಾಂಕ್ಸ್ ಹೇಳಲಿಲ್ಲ. ಕಾರ್ಡಮ್ಮ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು. ಬಿಸಿಲು ಫುಲ್ ದಾಟಿ ಲಿ ಮೇಲೆ ಬಂತು. ಮದರ್ ನಾಮಪದ, ಮದರ್ಡ್ ಕ್ರಿಯಾಪದ, ಕೊನೆಯಲ್ಲಿ 'ಡ್' ಇದೆ, ವರ್ಗ ಬದಲಾಗಿದೆ. ಹಾಗೆಂದು ಕಾರ್ಡು ಬರೆದಳು. ಕೊನೆಯ ಸಾಲಿನಲ್ಲಿ ನಮ್ಮ ಭಾಷೆಯ ಅರ್ಥ ಬರೆಯಲು ಹೋಗಿ ಪೆನ್ಸಿಲು ನಿಂತಿತು. ತಾಯಾದಳು ಎಂದರೆ ಹೆತ್ತಳು ಎಂದಾಗುತ್ತದೆ. 'ಸಾಕಿದಳು' ಎಂದು ಬರೆದಳು. ನಾಯಿಯನ್ನೂ ಸಾಕುತ್ತಾರೆ, ಕೋಳಿಯನ್ನೂ ಸಾಕುತ್ತಾರೆ. ಅಳಿಸಿದಳು. ಸಾಲು ಖಾಲಿ ಉಳಿಯಿತು.

ಶನಿವಾರ ಮೇಷ್ಟ್ರು ಆ ಕಾರ್ಡನ್ನು ಹಿಂದಕ್ಕೆ ತಂದರು. ಮೇಷ್ಟ್ರು ಎಂದರೆ ಈ ಕೆಲಸವನ್ನೆಲ್ಲ ನಡೆಸುವವರು, ಕಿವಿಯ ಮೇಲೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡೇ ಹುಟ್ಟಿದವರು. ಕಾರ್ಡಿನ ಮೇಲೆ ಕೆಂಪು ಅಡ್ಡಗೆರೆ. ಈ ಕೋಣೆಯಲ್ಲಿ ಹನ್ನೊಂದು ವರ್ಷ ಕೂತವರು ಮಾಡುವ ತಪ್ಪಲ್ಲ ಇದು ಅಂದರು. 'ಡ್' ಕೇವಲ ಕಾಲ ತೋರಿಸುತ್ತದೆ, ಆಗಿಹೋಯಿತು ಎನ್ನುತ್ತದೆ, ಅಷ್ಟೆ. ವರ್ಗ ಬದಲಿಸುವ ತಾಕತ್ತು ಅದಕ್ಕಿಲ್ಲ.

"ಹಾಗಾದ್ರೆ ಬದಲಿಸಿದ್ದು ಯಾರು ಮೇಷ್ಟ್ರೇ?" ಅಂದಳು ಕಾರ್ಡಮ್ಮ.

"ಯಾರೂ ಇಲ್ಲ. ಮದರ್ ಇದ್ದ ಹಾಗೇ ಇದೆ, ಏನೂ ಅಂಟದೆ ಕ್ರಿಯಾಪದ ಆಗಿಬಿಟ್ಟಿದೆ. ಶೂನ್ಯ ಪ್ರತ್ಯಯ ಅಂತ ಇಟ್ಕೊಳ್ಳಿ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ, ಕೆಲಸ ಮಾತ್ರ ಮಾಡುತ್ತೆ."

ಶೂನ್ಯಕ್ಕೆ ಡ್ರಾಯರ್ ಯಾವುದು ಎಂದು ಅವಳು ಕೇಳಿದಳು. ಇಲ್ಲ ಅಂದರು. ಆಮೇಲೆ ಮನಸ್ಸು ಕರಗಿತೋ ಏನೋ, ಶುಕ್ರವಾರ ಬೆಳಿಗ್ಗೆ ವರದಿ ಹೋಗುತ್ತದೆ, ಅಷ್ಟರೊಳಗೆ ಆ ಕೊನೆಯ ಸಾಲು ತುಂಬಿ ತಂದರೆ ಹಿಂದುಗಡೆ ಅನುಬಂಧದಲ್ಲಿ ಹಾಕೋಣ ಅಂದರು. ಹೋಗುತ್ತ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ಫಾದರ್ ಕೂಡ ಹೀಗೇ ಕ್ರಿಯಾಪದವಾಗುತ್ತದೆ, ಆದರೆ ಅದಕ್ಕೆ ಬಹುಮಟ್ಟಿಗೆ ಹುಟ್ಟಿಸಿದ ಎಂದಷ್ಟೇ ಅರ್ಥ. ಮದರ್‌ಗೆ ನೋಡಿಕೊಂಡಳು ಎಂಬ ಅರ್ಥ. ಹೆರದವಳೂ ಅದನ್ನು ಮಾಡಬಹುದು. ಮೇಷ್ಟ್ರಿಗೆ ಇದು ವ್ಯಾಕರಣದ ಒಂದು ತಮಾಷೆ. ಕಾರ್ಡಮ್ಮ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡಳು.

೫

ಆ ಮಧ್ಯಾಹ್ನ ಮೇಜಿನ ಮೇಲೆ ಕೆನ್ನೆಯಿಟ್ಟು ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಕನಸು ಬಿತ್ತು.

ಒಂದು ಬೀದಿ. ನಡೆಯುವವರೆಲ್ಲರ ಹಿಂದೆ ಬಟ್ಟೆಯ ಪಟ್ಟಿಯಂಥ ಒಂದೊಂದು ಬಾಲ ನೆಲ ಸವರುತ್ತಿದೆ. ಗಾಳಿ ಬೀಸಿದಾಗ ಬಾಲಗಳು ಕಳಚಿ ಹಾರಿದವು. ಟೀಚರಿನ ಅರ್ ಹಾರಿಹೋಯಿತು. ಟೀಚರು ಇಲ್ಲ, ಬರೀ ಟೀಚ್ ಉಳಿಯಿತು, ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿ ತಾನೇ ಬರೆಯುತ್ತಿತ್ತು. ಡ್ರೈವರಿನ ಅರ್ ಹಾರಿಹೋಯಿತು. ಬಸ್ಸು ಯಾರೂ ಇಲ್ಲದೆ ತಿರುವಿನಲ್ಲಿ ತಿರುಗಿ, ನಿಲ್ದಾಣದಲ್ಲಿ ನಿಂತು, ಹೊರಟಿತು. ಸಿಂಗರಿನ ಅರ್ ಹೋಗಿ ಕಿಟಕಿಯೊಂದರಿಂದ ಹಾಡು ಮಾತ್ರ ಬರುತ್ತಿತ್ತು. ಯಾರಿಗೂ ಗಾಬರಿಯಿಲ್ಲ. ಕೆಲಸಗಳೆಲ್ಲ ನಡೆಯುತ್ತಲೇ ಇದ್ದವು, ಮಾಡುವವರು ಇರಲಿಲ್ಲ. ಕಾರ್ಡಮ್ಮ ಮನೆಗೆ ಬಂದಳು. ಬಾಗಿಲು ತೆಗೆದ ಹುಡುಗಿ ಅವಳ ಬೆನ್ನ ಹಿಂದೆ ಬಗ್ಗಿ ನೋಡಿ, ನಿಮ್ಮದು ಎಲ್ಲಿ ಎಂದು ಕೇಳಿದಳು. ಇದೆ, ಕಾಣಿಸುವುದಿಲ್ಲ ಎಂದು ಕಾರ್ಡಮ್ಮ ಅಂದಳು. ಹುಡುಗಿ ನಂಬಿದಂತೆ ಕಾಣಲಿಲ್ಲ.

ಎಚ್ಚರವಾದಾಗ ಕೆನ್ನೆಯ ಮೇಲೆ ಮೇಜಿನ ಮೇಲಿದ್ದ ಯಾವುದೋ ಕಾರ್ಡಿನ ಅಂಚಿನ ಗೆರೆ ಮೂಡಿತ್ತು.

೬

ಭಾನುವಾರ ಮಧ್ಯಾಹ್ನ. ಕನ್ನಡಕದವರು ಮುಖದ ಮೇಲೆ ಪೇಪರು ಹೊದ್ದು ಮಲಗಿದ್ದರು, ಉಸಿರಿಗೆ ಪೇಪರು ಏರಿ ಇಳಿಯುತ್ತಿತ್ತು. ಹುಡುಗಿ ಊಟದ ಮೇಜಿನ ಮೇಲೆ ಟ್ರೇ ಹರಡಿಕೊಂಡು ಯಾರದೋ ಕೋರೆಹಲ್ಲನ್ನು ಮೇಣದಲ್ಲಿ ಕೆತ್ತುತ್ತಿದ್ದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕಾರ್ಡಮ್ಮ ಕಾರ್ಡನ್ನು ಎದುರಿಗಿಟ್ಟುಕೊಂಡು ಕೂತು, ಏನೂ ಹೊಳೆಯದೆ, ಒಣಗಿದ ಬಟ್ಟೆ ತರಲು ಮೇಲೆ ಹೋದಳು. ಇಳಿದು ಬಂದಾಗ ಕಾರ್ಡು ಹುಡುಗಿಯ ಕೈಯಲ್ಲಿತ್ತು. ಅಳಿಸಿದ ಸಾಲಿನ ಮೇಲೆ ಅವಳು ಹೆಬ್ಬೆರಳು ಆಡಿಸುತ್ತಿದ್ದಳು. ಹಲ್ಲಿನ ಕೆಲಸದವರ ಬೆರಳಿಗೆ ಅಳಿಸಿದ್ದೂ ತಿಳಿಯುತ್ತದೆ.

"ಇದು ನನ್ನ ಬಗ್ಗೆ ಬರೆದಿದ್ದಾ?"

"ಅಲ್ಲ ಪುಟ್ಟಿ. ಅದು ಕಾದಂಬರಿದು."

"ಸಾಕಿದಳು ಅಂತ ಬರೆದು ಅಳಿಸಿದೀರಲ್ಲ, ಅದೂ ಕಾದಂಬರಿದಾ?"

ಕಾರ್ಡಮ್ಮನ ತೋಳಿನ ಮೇಲೆ ಬಿಸಿಲು ಕುಡಿದ ಬಟ್ಟೆಗಳ ರಾಶಿ. ಡ್ರಾಯರು, ಶೂನ್ಯ, ಮೇಷ್ಟ್ರು, ಕೋಳಿ, ಯಾವುದರಿಂದ ಶುರು ಮಾಡಿ ವಿವರಿಸಬೇಕೆಂದು ಲೆಕ್ಕ ಹಾಕತೊಡಗಿದಳು. ಹುಡುಗಿಯ ಕಣ್ಣು ಕಾರ್ಡಿನ ವಾಕ್ಯದ ಕೊನೆಗೆ, ಯಾರೂ ಥ್ಯಾಂಕ್ಸ್ ಹೇಳಲಿಲ್ಲ ಎಂಬಲ್ಲಿಗೆ ಹೋಯಿತು. ಅಲ್ಲೇ ನಿಂತಿತು.

"ನಿನಗೆ ಥ್ಯಾಂಕ್ಸ್ ಬೇಕಿತ್ತಾ?" ಅಂದಳು.

ಪೇಪರು ಏರಿ ಇಳಿಯುತ್ತಿತ್ತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ನಿನಗೆ. ನಿಮಗೆ ಅಲ್ಲ. ಹದಿಮೂರು ವರ್ಷಕ್ಕೆ ಮೊದಲ ಸಲ. ತಾನು ಏನಂದೆ ಎಂಬುದು ಹುಡುಗಿಗೂ ಕೇಳಿಸಿತು ಎಂದು ಕಾಣುತ್ತದೆ. ಅವಳ ಕಿವಿ ಕೆಂಪಾಯಿತು. ಮೇಣದ ಹಲ್ಲು, ಚಾಕು, ಕಾರ್ಡು ಎಲ್ಲವನ್ನೂ ಟ್ರೇಗೆ ಗುಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾರ್ಡಮ್ಮ ಬಟ್ಟೆ ಮಡಚಲು ಕೂತಳು. ಹನ್ನೊಂದು ವರ್ಷದಲ್ಲಿ ಯಾವ ಪದವೂ ಅವಳನ್ನು ಹೀಗೆ ಸತಾಯಿಸಿರಲಿಲ್ಲ. ನಮ್ಮ ಭಾಷೆಯ ಹಾಳು ಗುಣವೇ ಇದು. ತೀರ ಹತ್ತಿರದವರನ್ನೂ 'ನೀನು' ಅನ್ನುತ್ತೇವೆ, ಸಿಟ್ಟು ನೆತ್ತಿಗೇರಿ ಮರ್ಯಾದೆ ಬಿಟ್ಟು ಬೈಯುವಾಗಲೂ 'ನೀನು' ಅನ್ನುತ್ತೇವೆ. ಇದು ಯಾವುದು? ಯಾವ ಡ್ರಾಯರಿಗೆ ಹಾಕುವುದು? ಏನಂದೆ ಎಂದು ಆಗಲೇ ಕೇಳಿಬಿಡಬೇಕಿತ್ತು ಅನ್ನಿಸಿತು ಅವಳಿಗೆ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಅವಳು ಆ ಹುಡುಗಿಯನ್ನು ಇನ್ನೊಂದು ಸಲ ಹೇಳು ಎಂದು ಕೇಳಿದವಳಲ್ಲ. ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸಿದ್ದಾಳೆ. ಎರಡನೆಯ ಸಲ ಹೇಳುವಾಗ ಆ 'ರಾ' ಇನ್ನೂ ಸ್ಪಷ್ಟ ಕೇಳುತ್ತದೆ ಎಂಬ ಭಯ.

೬, ಬಾಗಿಲಿನ ಆಚೆ

ಕಥೆ ಬರೆಯುವವನಿಗೆ ಮುಚ್ಚಿದ ಬಾಗಿಲು ಲೆಕ್ಕಕ್ಕಿಲ್ಲ. ನಾನು ಒಳಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಗಾರೆಯ ದವಡೆಗಳು ಸಾಲು ಕೂತು ಬಿಸಿಲು ಕಾಯಿಸುತ್ತಿದ್ದವು. ಹುಡುಗಿ ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಒಂದು ಒಳ್ಳೆಯ ಅಂತ್ಯ ತಂದಿದ್ದೇನೆ, ಹೊರಗೆ ಹೋಗಿ ಅಮ್ಮ ಅಂದುಬಿಡು, ಓದುಗರು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲರೂ ಮನೆಗೆ ಹೋಗಬಹುದು ಎಂದು ಅವಳಿಗೆ ಸಲಹೆ ಕೊಟ್ಟೆ.

"ಅದನ್ನ ನನ್ನ ಬಾಯಿಗೆ ತುರುಕಬೇಡಿ," ಅಂದಳು. "ಆ ಪದ ಒಬ್ಬಳಿಗೆ ಹೇಳಿದ್ದಾಗಿದೆ. ಇನ್ನೊಬ್ಬರಿಗೆ ಹೇಳಿದ್ರೆ ಅವಳು ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ."

ಹೋದ ಹಲ್ಲಿನ ಜಾಗಕ್ಕೆ ಬೇರೆ ಹಲ್ಲು ಕೂರಿಸುವವಳು ಹೇಳುವ ಮಾತೇ ಇದು ಎಂದು ನಾನು ಕೆಣಕಿದೆ. ಅವಳು ನಗಲಿಲ್ಲ. ಹಾಗಾದರೆ ಈಗ 'ನಿನಗೆ' ಅಂದದ್ದು ಸಿಟ್ಟಿಗೋ ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ. ಸಿಟ್ಟು ಬಂದಾಗ ಬಾಯಿಗೆ ಹತ್ತಿರ ಇರೋದೇ ಬರುತ್ತೆ ಅಲ್ವಾ?"

ಅಷ್ಟು ಹೇಳಿ ಅವಳು ಗೋಡೆಯ ಕಡೆ ತಿರುಗಿದಳು. ಹತ್ತಿರ ಇತ್ತು ಅಂದರೆ ಎಷ್ಟು ವರ್ಷದಿಂದ ಇತ್ತು ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ. ಈ ಮಾತು ಕಾರ್ಡಮ್ಮನಿಗೆ ಗೊತ್ತಿಲ್ಲ. ನಿಮಗೆ ಗೊತ್ತಾಗಿದೆ, ದಯವಿಟ್ಟು ಅವಳಿಗೆ ಹೇಳಬೇಡಿ.

೭

ಸೋಮವಾರದಿಂದ ಹುಡುಗಿ ಹೊಸದೊಂದು ವ್ಯಾಕರಣ ಕಂಡುಹಿಡಿದಳು. ಟೀ ಬೇಕಾ. ಊಟ ಆಯ್ತಾ. ಗೇಟು ಹಾಕಿದ್ದಾಯ್ತಾ. ಕೊಡೆ ಎಲ್ಲಿ. ಗಮನಿಸಿ, ಈ ವಾಕ್ಯಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಮಾಡುವವರನ್ನು ಬಿಟ್ಟು ಕೆಲಸ ಮಾತ್ರ ಉಳಿಸಿಕೊಂಡ ವಾಕ್ಯಗಳು. ಕನಸಿನ ಬೀದಿಯೇ ಮನೆಯೊಳಗೆ ಬಂದಂತಾಯಿತು. ಕಾರ್ಡಮ್ಮ ಎಷ್ಟು ಉಪಾಯ ಮಾಡಿದರೂ ಹುಡುಗಿ ಸಿಕ್ಕಿಬೀಳಲಿಲ್ಲ. ಬುಧವಾರ ಇವಳು ಬೇಕೆಂದೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು, ಎಲ್ಲಿಗೆ ಹೊರಟ್ರಿ ಅನ್ನುತ್ತಾಳೋ ಹೊರಟೆ ಅನ್ನುತ್ತಾಳೋ ನೋಡೋಣ ಎಂದು. ಹುಡುಗಿ ಒಂದು ಕ್ಷಣ ಯೋಚಿಸಿ, ಹೊರಗೆ ಮೋಡ ಆಗಿದೆ ಅಂದಳು.

ರೀ, ಮಗಳು ಏನಾದರೂ ಹೇಳಿದಳಾ ಎಂದು ಗಂಡನನ್ನು ಕೇಳಿದಳು. ಏನೂ ಇಲ್ಲವಲ್ಲ, ಯಾಕೆ ಅಂದರು ಅವರು. ಆ ಮನುಷ್ಯ ಅಕ್ಕಪಕ್ಕ ನಡೆಯುವುದನ್ನು ಗಾಜಿಲ್ಲದೆ ಕಂಡವರಲ್ಲ. ಕಾರ್ಡು ಹುಡುಗಿಯ ಕೋಣೆಯಲ್ಲೇ ಉಳಿದಿತ್ತು. ಕೇಳಿ ಈಸಿಕೊಳ್ಳಬೇಕೆಂದರೆ ಬಾಗಿಲು ತಟ್ಟಬೇಕು; ತಟ್ಟಿದರೆ ಅವಳು ಬಾಯಿ ತೆರೆಯಬೇಕಾಗುತ್ತದೆ; ತೆರೆದ ಬಾಯಿಂದ 'ನಿಮ್ಮ ಕಾರ್ಡು' ಎಂದು ಬಂದರೆ ಭಾನುವಾರದ್ದು ಬರೀ ಸಿಟ್ಟು ಎಂದು ಖಾತ್ರಿಯಾದಂತೆ. ಹಾಗಾಗಿ ಕಾರ್ಡಮ್ಮ ಕಾರ್ಡನ್ನೇ ಬಿಟ್ಟುಕೊಟ್ಟಳು. ಅನುಬಂಧ ಹೋದರೆ ಹೋಗಲಿ.

೮

ಅಂತ್ಯ ಸಿಗದೆ ನನಗೆ ತಲೆನೋವು ಬಂತು. ಕಣ್ಣು ತೋರಿಸಿಕೊಳ್ಳೋಣವೆಂದು ಕನ್ನಡಕದವರ ಅಂಗಡಿಗೆ ಹೋದೆ. ಅವರು ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ದೀಪ ಆರಿಸಿದರು. ಒಂದು ಗಾಜು ಹಾಕಿದರು. ಅದರೊಳಗೆ ಹುಡುಗಿ ಓಡಿಬಂದು ಕಾರ್ಡಮ್ಮನನ್ನು ತಬ್ಬಿಕೊಳ್ಳುತ್ತಿದ್ದಳು. ಅಂಚುಗಳೆಲ್ಲ ಸಕ್ಕರೆ ಪಾಕದಂತೆ ಅಂಟಂಟು. ತೆಗೆಯಿರಿ ಅಂದೆ. ಎರಡನೆಯದರಲ್ಲಿ ಹುಡುಗಿ ಮತ್ತೆ ಊಟ ಮಾಡಿದ್ರಾ ಅನ್ನುತ್ತಿದ್ದಳು, ಕಾರ್ಡಮ್ಮ ಮಾಡಿದೆ ಪುಟ್ಟಿ ಅನ್ನುತ್ತಿದ್ದಳು, ಹೀಗೇ ಇನ್ನೂ ಮೂವತ್ತು ವರ್ಷ ನಡೆಯುತ್ತಿತ್ತು. ಅದು ಎಷ್ಟು ಸ್ಪಷ್ಟವಿತ್ತೆಂದರೆ ಕಣ್ಣು ಉರಿಯಿತು. ಅದನ್ನೂ ತೆಗೆಸಿದೆ.

ಆಮೇಲೆ ಅವರು ಎರಡು ಗಾಜುಗಳನ್ನು ಹಿಡಿದು, ಒಂದನ್ನು ಬಿಟ್ಟು ಒಂದನ್ನು ತಿರುಗಿಸುತ್ತ ಕೇಳಿದರು.

"ಇದು ಚೆನ್ನಾಗಿದೆಯಾ, ಇದಾ?"

ಎರಡೂ ಒಂದೇ ಥರ ಕಾಣುತ್ತಿವೆ ಅಂದೆ.

"ಹಾಗಾದ್ರೆ 'ಪವರ್' ಸಿಕ್ಕಿತು ಅಂತ ಅರ್ಥ," ಅಂದರು. "ಇದೋ ಅದೋ ಅಂತ ಹೇಳೋಕೆ ಆಗದೇ ಹೋದಾಗ ನಾವು ನಿಲ್ಲಿಸ್ತೀವಿ. ಅದರಿಂದ ಆಚೆ ಹೋದ್ರೆ ಕಣ್ಣು ಕೆಡುತ್ತೆ."

ಪಾಪ, ಅವರು ಕಣ್ಣಿನ ವಿಷಯವನ್ನೇ ಹೇಳುತ್ತಿದ್ದರು.

೯

ಶುಕ್ರವಾರ ಬೆಳಿಗ್ಗೆ ಕಾರ್ಡಮ್ಮ ಬೇಗ ಹೊರಟಳು. ಇವತ್ತು ಡ್ರಾಯರುಗಳನ್ನು ಖಾಲಿ ಮಾಡಿ, ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ, ವರದಿಯ ಜೊತೆ ಕಳಿಸಬೇಕು. ರಸ್ತೆ ದಾಟಿ ಎದುರಿನ ನಿಲ್ದಾಣಕ್ಕೆ ಬಂದಳು. ಹೋಟೆಲಿನವರು ಫುಟ್‌ಪಾತಿಗೆ ನೀರು ಚಿಮುಕಿಸಿದ್ದರು; ಒದ್ದೆ ಕಲ್ಲಿನ ಮೇಲೆ ಬೆಳಕು ಬಿದ್ದು ಬೀದಿ ಸ್ವಲ್ಪ ತೇಲುತ್ತಿರುವಂತೆ ಕಾಣುತ್ತಿತ್ತು. ಅವಳಿಗೆ ನಿದ್ದೆ ಸಾಲದಾಗಿತ್ತು. ಹೋಗುವವರ ಹಿಂದೆಲ್ಲ ಬಾಲ ಇದೆಯೇನೋ ಎಂದು ಒಂದೆರಡು ಸಲ ಬಗ್ಗಿ ನೋಡಿದಳು.

ಆಗ ಎದುರು ಬದಿಯಲ್ಲಿ ಹುಡುಗಿ ಕಾಣಿಸಿದಳು. ಮನೆಯ ಚಪ್ಪಲಿ, ಗಂಟು ಹಾಕದ ಕೂದಲು, ಓಡಿಬಂದ ಏದುಸಿರು. ಮೇಲೆತ್ತಿದ ಕೈಯಲ್ಲಿ ಕಾರ್ಡು. ಕರೆಯಲು ಅವಳಲ್ಲಿ ಹೆಸರಿಲ್ಲ, ತಟ್ಟಲು ಚೌಕಟ್ಟಿಲ್ಲ, ಎದುರಿಗೆ ಬಂದು ನಿಲ್ಲೋಣವೆಂದರೆ ನಡುವೆ ರಸ್ತೆ. ಅವಳು ಕೂಗಿಯೇಬಿಟ್ಟಳು.

"ಕಾರ್ಡು ಬಿಟ್ಟು ಹೋಗ್ತಿದ್ದೀ—"

ಬಸ್ಸು ಬಂತು. ಸರಿಯಾದ ಹೊತ್ತಿಗೆ ಬಂದು, ಸರಿಯಾದ ಅಕ್ಷರದ ಮೇಲೆ ಹಾರನ್ ಬಾರಿಸಿತು. ಹೋಗ್ತಿದ್ದೀಯ ಎನ್ನುವುದಕ್ಕೂ ಹೋಗ್ತಿದ್ದೀರ ಎನ್ನುವುದಕ್ಕೂ ನಡುವೆ ಇರುವುದು ಆ ಒಂದೇ ಅಕ್ಷರ. (ಬಸ್ಸನ್ನು ತಂದದ್ದು ನಾನೇ ಎಂದು ನಿಮಗೆ ಅನುಮಾನ ಬಂದಿರಬಹುದು. ಇರಲಿ, ಬೈಸಿಕೊಳ್ಳುತ್ತೇನೆ.) ಬಸ್ಸು ನಿಂತಿತು, ಜನ ಹತ್ತಿದರು, ಕಂಡಕ್ಟರು ಬರ್ತೀರೇನಮ್ಮಾ ಎಂದು ಕೇಳಿದ. ಕಾರ್ಡಮ್ಮ ಇಲ್ಲವೆಂದು ತಲೆಯಾಡಿಸಿ ಅಲ್ಲೇ ನಿಂತಳು. ಬಸ್ಸು ಸರಿದುಹೋದಾಗ ಹುಡುಗಿ ರಸ್ತೆ ದಾಟಿ ಬಂದಿದ್ದಳು.

ಕಾರ್ಡು ಕೈ ಬದಲಾಯಿಸಿತು. ಕೆಂಪು ಗೆರೆಯ ಕೆಳಗೆ, ಅಳಿಸಿ ಸವೆದ ಕೊನೆಯ ಸಾಲಿನಲ್ಲಿ, ಮೇಣ ಕೆತ್ತುವವರ ಸಣ್ಣ ಅಕ್ಷರದಲ್ಲಿ ಒಂದು ಪದವಿತ್ತು: 'ಇದ್ದಳು.' ಅಷ್ಟೆ. ಮದರ್ಡ್, ನಮ್ಮ ಭಾಷೆಯಲ್ಲಿ, ಇದ್ದಳು. ಆ 'ಳು' ಕಾದಂಬರಿಯವಳಿಗೆ ಬರೆದದ್ದು, ತನಗಲ್ಲ ಎಂದು ಕಾರ್ಡಮ್ಮ ತನಗೆ ತಾನೇ ಎಚ್ಚರಿಕೆ ಹೇಳಿಕೊಂಡಳು. ಆದರೂ ಅಕ್ಷರಗಳು ಕಣ್ಣೊಳಗೆ ಕಲಸಿಹೋದವು. ಇದ್ದಳು. ಜ್ವರ ಬಂದಾಗ ಇದ್ದಳು, ಪರೀಕ್ಷೆಯ ಬೆಳಿಗ್ಗೆ ಇದ್ದಳು. ಹನ್ನೊಂದು ವರ್ಷ ಪದ ಹೆಕ್ಕಿದ ತನಗೆ ಇದು ಹೊಳೆಯಲಿಲ್ಲವಲ್ಲ ಅನ್ನಿಸಿತು.

ಹುಡುಗಿ ಹೋಗಲು ತಿರುಗಿದಳು. ಎಂದಿನ ಕಾರ್ಡಮ್ಮ ಆಗಿದ್ದರೆ ಎಲ್ಲ ಕೇಳಿಸಿದಂತೆ ತಲೆಯಾಡಿಸಿ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ನಾನೂ ಹಾಗೆಯೇ ಬರೆದಿಟ್ಟಿದ್ದೆ. ಬೇಕಿದ್ದರೆ ಕರಡು ತೋರಿಸುತ್ತೇನೆ. ಅವಳು ನನ್ನ ಮಾತು ಕೇಳಲಿಲ್ಲ. ಹುಡುಗಿಯ ಗಾರೆ ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು.

"ಆಗ ಏನಂದೆ ಪುಟ್ಟಿ?" ಅಂದಳು. "ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು."

ಹುಡುಗಿ ಅವಳ ಮುಖ ನೋಡಿದಳು. ಹೇಗೆ ನೋಡಿದಳು ಎಂದು ಬರೆಯಲು ನನ್ನ ಕೈ ತುರಿಸುತ್ತಿದೆ, ಆದರೆ ಮಾತು ಕೊಟ್ಟಿದ್ದೇನೆ. ಮುಂದಿನ ಬಸ್ಸು ತಿರುವಿನಲ್ಲಿ ಕಾಣಿಸಿತು, ಇನ್ನೂ ದೂರ ಇತ್ತು. ಈ ಸಲ ಅದನ್ನು ಅಲ್ಲೇ ತಡೆದು ನಿಲ್ಲಿಸಿದ್ದೇನೆ. ರಸ್ತೆ ಸದ್ದಿಲ್ಲದೆ ಖಾಲಿ ಇದೆ. ನೀವೂ ಸ್ವಲ್ಪ ಸುಮ್ಮನಿರಿ.

ಹುಡುಗಿ ಇನ್ನೊಂದು ಸಲ ಹೇಳಲು ಬಾಯಿ ತೆರೆದಳು.